ಗುಡಿಸಲಿಗೂ ಸರಾಸರಿ ಇದೆ, ದೊಡ್ಡ ಕಟ್ಟಡಕ್ಕೆ ಏಕಿಲ್ಲ?

ಗೃಹಜ್ಯೋತಿ ಬಿಲ್ಲನ್ನು ಒಮ್ಮೆ ಗಮನವಿಟ್ಟು ನೋಡಿ. ಆ ಮನೆಗೆ ತಿಂಗಳಿಗೆ ಎಷ್ಟು ಯೂನಿಟ್ ಉಚಿತ ಎಂಬ ಲೆಕ್ಕಕ್ಕೆ ಆಧಾರ ಆ ಮನೆಯದೇ ಹಳೆಯ ಬಳಕೆ. 2023ರಲ್ಲಿ ಯೋಜನೆ ಜಾರಿಗೆ ಬಂದಾಗ ಸರ್ಕಾರ ಎಲ್ಲರಿಗೂ 200 ಯೂನಿಟ್ ಅಂತ ಹಂಚಿಬಿಡಲಿಲ್ಲ. ಪ್ರತಿ ಮನೆಯ ಹಿಂದಿನ ಒಂದು ವರ್ಷದ ಬಳಕೆ ತೆಗೆದು, ಸರಾಸರಿ ಹಿಡಿದು, ಅದಕ್ಕೆ ಶೇ 10 ಸೇರಿಸಿ, 200ರ ಮಿತಿಯೊಳಗೆ ಇಷ್ಟೇ ನಿನ್ನ ಪಾಲು ಎಂದು ಗೆರೆ ಎಳೆಯಿತು. ಒಂದು ಬಲ್ಬು, ಒಂದು ಫ್ಯಾನು, ಒಂದು ಟಿವಿ ಇರುವ ತಗಡಿನ ಮನೆಗೂ ಸರಾಸರಿ ಬಂತು. ಮಗಳ ಬಾಣಂತನಕ್ಕೆ ಮನೆ ತುಂಬಿ ನಾಲ್ಕು ಯೂನಿಟ್ ಹೆಚ್ಚಿಗೆ ಉರಿದರೆ ಅದೂ ಬಿಲ್ಲಿನಲ್ಲಿ ಕಾಣಿಸುತ್ತದೆ.

ಇದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ಸಾರ್ವಜನಿಕ ಹಣ ಖರ್ಚಾಗುವ ಕಡೆ ಲೆಕ್ಕ ಇರಲೇಬೇಕು. ನನ್ನ ಪ್ರಶ್ನೆ ಬೇರೆ. ಅದೇ ಊರಿನ ಮೂರು ಅಂತಸ್ತಿನ ಸರ್ಕಾರಿ ಸೌಧ, ಎಂಜಿನಿಯರಿಂಗ್ ಕಾಲೇಜು, ಖಾಸಗಿ ಆಸ್ಪತ್ರೆ, ಮಾಲು, ಎಸಿ ಕಲ್ಯಾಣ ಮಂಟಪ ಇವೆಲ್ಲ ವರ್ಷಕ್ಕೆ ಎಷ್ಟು ಕರೆಂಟು ಉರಿಸುತ್ತವೆ? ಅವುಗಳ ಅಳತೆಗೆ ಅದು ಸರಿಯೇ, ಅತಿಯೇ? ಇದನ್ನು ಹೇಳುವ ಒಂದೇ ಒಂದು ಸಾಲು ಊರಿನಲ್ಲಿ ಎಲ್ಲೂ ಸಿಗುವುದಿಲ್ಲ. ಮೀಟರ್ ಇದೆ, ಬಿಲ್ಲೂ ಇದೆ. ಇಲ್ಲದಿರುವುದು ಹೋಲಿಕೆ.

ಬೈಕ್ ಕೊಳ್ಳುವಾಗ ನಾವೆಲ್ಲ ಮೊದಲು ಕೇಳುವುದು ಮೈಲೇಜ್. ಟ್ಯಾಂಕಿಗೆ ಎಷ್ಟು ಹಿಡಿಯುತ್ತದೆ ಎಂಬುದಕ್ಕಿಂತ ಲೀಟರಿಗೆ ಎಷ್ಟು ಓಡುತ್ತದೆ ಎಂಬುದು ನಮಗೆ ಮುಖ್ಯ. ಕಟ್ಟಡಕ್ಕೂ ಮೈಲೇಜ್ ಇದೆ. ವರ್ಷಕ್ಕೆ ಬಳಸಿದ ಒಟ್ಟು ಯೂನಿಟ್ಟನ್ನು ಕಟ್ಟಡದ ಒಟ್ಟು ವಿಸ್ತೀರ್ಣದಿಂದ ಭಾಗಿಸಿದರೆ ಒಂದು ಚದರ ಮೀಟರಿಗೆ ವರ್ಷಕ್ಕೆ ಇಷ್ಟು ಯೂನಿಟ್ ಎಂಬ ಸಂಖ್ಯೆ ಬರುತ್ತದೆ. ಇದಕ್ಕೆ ಎನರ್ಜಿ ಪರ್ಫಾರ್ಮೆನ್ಸ್ ಇಂಡೆಕ್ಸ್, ಚಿಕ್ಕದಾಗಿ ಇಪಿಐ ಎನ್ನುತ್ತಾರೆ. ಡೀಸೆಲ್ ಜನರೇಟರಿನಿಂದ ಬಂದ ಯೂನಿಟ್ಟನ್ನೂ ಇದರಲ್ಲಿ ಸೇರಿಸಬೇಕು. ಹೈಸ್ಕೂಲಿನ ಭಾಗಾಕಾರ ಬಂದರೆ ಸಾಕು.

ಒಂದು ಉದಾಹರಣೆ ನೋಡೋಣ. 5,000 ಚದರ ಮೀಟರಿನ ಕಚೇರಿಯೊಂದು ವರ್ಷಕ್ಕೆ 6 ಲಕ್ಷ ಯೂನಿಟ್ ಬಳಸಿದೆ ಎಂದುಕೊಳ್ಳಿ. ಇಪಿಐ 120. ಇದು ಹೆಚ್ಚೋ ಕಡಿಮೆಯೋ? ದೆಹಲಿಯ ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ, ಅಂದರೆ ಬಿಇಇ, 2009ರಲ್ಲೇ ಕಚೇರಿ ಕಟ್ಟಡಗಳಿಗೆ ಸ್ಟಾರ್ ಪಟ್ಟಿ ಮಾಡಿಟ್ಟಿದೆ. ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಎಸಿ ಇರುವ ಕಚೇರಿ ಮಿಶ್ರ ಹವಾಮಾನದ ಊರಿನಲ್ಲಿದ್ದರೆ 165ರಿಂದ 190ರವರೆಗೆ ಒಂದು ಸ್ಟಾರ್, 90ಕ್ಕಿಂತ ಕೆಳಗಿದ್ದರೆ ಐದು ಸ್ಟಾರ್. 190 ದಾಟಿದರೆ ಸ್ಟಾರೇ ಇಲ್ಲ. ಒಣ ಬಿಸಿಲಿನ ಊರಿಗೆ ಬೇರೆ ಪಟ್ಟಿ, ಕರಾವಳಿಯಂಥ ಸೆಕೆಯ ಊರಿಗೆ ಬೇರೆ. ಎಸಿ ಕಡಿಮೆ ಇರುವ ಕಟ್ಟಡಗಳಿಗೆ ಇನ್ನೂ ಬಿಗಿಯಾದ ಪಟ್ಟಿ. ನಮ್ಮ ಉದಾಹರಣೆಯ ಕಚೇರಿಗೆ ಮೂರು ಸ್ಟಾರ್ ಸಿಗುತ್ತದೆ. ಅದು ಐದು ಸ್ಟಾರಿನ ಹೊಸ್ತಿಲಿಗೆ ಬರಬೇಕಾದರೆ ವರ್ಷಕ್ಕೆ ಒಂದೂವರೆ ಲಕ್ಷ ಯೂನಿಟ್ ಉಳಿಸಬೇಕು.

ಒಂದೂವರೆ ಲಕ್ಷ ಯೂನಿಟ್ ಎಂದರೆ ಎಷ್ಟು? 5 ಎಚ್‌ಪಿ ಮೋಟಾರು ಗಂಟೆಗೆ ಹೆಚ್ಚುಕಡಿಮೆ 4 ಯೂನಿಟ್ ತಿನ್ನುತ್ತದೆ. ದಿನಕ್ಕೆ 7 ಗಂಟೆ, ವರ್ಷದಲ್ಲಿ 250 ದಿನ ಓಡಿದರೆ 7,000 ಯೂನಿಟ್. ಒಂದು ಕಚೇರಿ ಸುಧಾರಿಸಿದರೆ ಉಳಿಯುವುದು ಇಪ್ಪತ್ತೊಂದು ಬೋರ್‌ವೆಲ್ಲುಗಳ ಇಡೀ ವರ್ಷದ ಕರೆಂಟು. ಅಲ್ಲಿ ಉಳಿದದ್ದು ನೇರವಾಗಿ ಹೊಲದ ತಂತಿಗೆ ಹರಿಯುವುದಿಲ್ಲ, ನಿಜ. ಆದರೆ ಬೇಸಿಗೆಯ ಮಧ್ಯಾಹ್ನ ಊರಿನ ಸಬ್‌ಸ್ಟೇಷನ್ ತಿಣುಕುವಾಗ ಯಾರ ಫೀಡರ್ ಮೊದಲು ಬಂದ್ ಆಗುತ್ತದೆ ಎಂಬುದು ಹಳ್ಳಿಯವರಿಗೆಲ್ಲ ಗೊತ್ತು.

2023ರ ಬರದ ವರ್ಷ ನೆನಪಿಸಿಕೊಳ್ಳಿ. 7 ಗಂಟೆ ಕೊಡಬೇಕಾಗಿದ್ದ ತ್ರೀ ಫೇಸ್ ಕರೆಂಟನ್ನು 5 ಗಂಟೆಗೆ ಇಳಿಸಲಾಯಿತು. ಆ ಅಕ್ಟೋಬರಿನಲ್ಲಿ ವಿಜಯಪುರ ಜಿಲ್ಲೆಯ ರೋಣಿಹಾಳದ ರೈತರು ಹೊಲದಲ್ಲಿ ಸಿಕ್ಕ ಮೊಸಳೆಯನ್ನು ಕಟ್ಟಿ ಹೆಸ್ಕಾಂ ಕಚೇರಿಗೇ ತಂದರು. ರಾತ್ರಿ ಕರೆಂಟು ಕೊಟ್ಟರೆ ನಾವು ಇಂಥವುಗಳ ನಡುವೆ ಹೋಗಿ ಮೋಟಾರು ಚಾಲೂ ಮಾಡಬೇಕು, ಹಗಲು ಕೊಡಿ ಎಂಬುದು ಅವರ ಬೇಡಿಕೆ. ಆ ಸುದ್ದಿ ದೇಶದ ತುಂಬ ಓಡಾಡಿತು, ಜನ ನಕ್ಕರು, ಮುಂದೆ ಹೋದರು. ಕರೆಂಟಿನ ಕೊರತೆಯ ಬೆಲೆ ಯಾರು ತೆರುತ್ತಾರೆ ಎಂಬುದನ್ನು ಅದಕ್ಕಿಂತ ಸ್ಪಷ್ಟವಾಗಿ ಹೇಳುವುದು ಸಾಧ್ಯವಿರಲಿಲ್ಲ.

ಕರೆಂಟಿನ ಚರ್ಚೆ ಬಂದಾಗಲೆಲ್ಲ ಬೆರಳು ತಿರುಗುವುದು ಪಂಪ್‌ಸೆಟ್ ಕಡೆಗೆ. 10 ಎಚ್‌ಪಿವರೆಗೆ ಉಚಿತ, ಮೀಟರ್ ಇಲ್ಲ, ಪೋಲು ಎಂಬ ದೂರಿನಲ್ಲಿ ಸತ್ಯಾಂಶವಿದೆ. ರಾಜ್ಯದ ಬಳಕೆಯಲ್ಲಿ ನೀರಾವರಿಯ ಪಾಲು ದೊಡ್ಡದೇ. ಆದರೆ ಗಮನಿಸಿ, ಅಲ್ಲಿಯೂ ಅಳತೆಗೋಲು ಇದೆ. ದರ ಪರಿಷ್ಕರಣೆ ಬಂದಾಗಲೆಲ್ಲ ಒಂದು ಪಂಪ್‌ಸೆಟ್ ವರ್ಷಕ್ಕೆ ಸರಾಸರಿ ಎಷ್ಟು ಯೂನಿಟ್ ಬಳಸುತ್ತದೆ ಎಂದು ಕೆಇಆರ್‌ಸಿ ಎಸ್ಕಾಂಗಳನ್ನು ಹಿಡಿದು ಕೇಳುತ್ತದೆ, ಫೀಡರ್ ಲೆಕ್ಕ ತರಿಸುತ್ತದೆ, ಹೆಚ್ಚಾಗಿ ಕಂಡರೆ ಕಡಿತ ಮಾಡುತ್ತದೆ. ನಮ್ಮ ಭಾಗದ ದೊಡ್ಡ ಸಿಮೆಂಟ್ ಕಾರ್ಖಾನೆಗಳಿಗೂ ಗೋಲು ಇದೆ. 2012ರಲ್ಲಿ ಶುರುವಾದ ಪ್ಯಾಟ್ ಯೋಜನೆಯಡಿ ಒಂದು ಟನ್ ಉತ್ಪಾದನೆಗೆ ಎಷ್ಟು ಶಕ್ತಿ ಬಳಸುತ್ತೀರಿ, ಎಷ್ಟು ಇಳಿಸಿದಿರಿ ಎಂದು ಅವು ಲೆಕ್ಕ ಒಪ್ಪಿಸಬೇಕು. ಎಸಿ, ಫ್ರಿಜ್ಜುಗಳಿಗೆ 2010ರಿಂದ ಸ್ಟಾರ್ ಕಡ್ಡಾಯ. 2023ರಿಂದ ಸೀಲಿಂಗ್ ಫ್ಯಾನಿಗೂ ಕಡ್ಡಾಯ.

ಅಂದರೆ ಗುಡಿಸಲಿಗೆ ಸರಾಸರಿ ಇದೆ, ಬೋರ್‌ವೆಲ್ಲಿಗೆ ಸರಾಸರಿ ಇದೆ, ಗುಡಿಸಲಿನ ಫ್ಯಾನಿಗೂ ಸ್ಟಾರ್ ಇದೆ. ಇನ್ನೂರು ಫ್ಯಾನು, ಎಂಬತ್ತು ಎಸಿ, ಎರಡು ಲಿಫ್ಟು ಒಟ್ಟುಗೂಡಿಸಿಕೊಂಡ ಕಟ್ಟಡಕ್ಕೆ ಮಾತ್ರ ಏನೂ ಇಲ್ಲ.

ಕಾನೂನೇ ಇಲ್ಲವೇ ಎಂದರೆ, ಇದೆ. 2001ರ ಇಂಧನ ಸಂರಕ್ಷಣಾ ಕಾಯ್ದೆ ಇದೆ. ಅದರಡಿ 2007ರಲ್ಲಿ ಇಸಿಬಿಸಿ ಎಂಬ ಕಟ್ಟಡ ಸಂಹಿತೆ ಬಂತು, 2017ರಲ್ಲಿ ಪರಿಷ್ಕರಣೆಯಾಯಿತು. 100 ಕಿಲೋವ್ಯಾಟ್ ಅಥವಾ ಅದಕ್ಕೂ ಹೆಚ್ಚಿನ ಲೋಡ್ ಇರುವ ಹೊಸ ವಾಣಿಜ್ಯ ಕಟ್ಟಡಗಳಿಗೆ ಅದು ಅನ್ವಯಿಸುತ್ತದೆ. ಗೋಡೆ ಎಷ್ಟು ಶಾಖ ಒಳಗೆ ಬಿಡಬೇಕು, ಕಿಟಕಿಯ ಗಾಜು ಹೇಗಿರಬೇಕು, ದೀಪಕ್ಕೆ ಚದರ ಮೀಟರಿಗೆ ಎಷ್ಟು ವ್ಯಾಟ್ ಎಂದೆಲ್ಲ ಅದು ಹೇಳುತ್ತದೆ. 2022ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ದೊಡ್ಡ ವಸತಿ ಕಟ್ಟಡಗಳೂ ವ್ಯಾಪ್ತಿಗೆ ಬಂದವು. ಸ್ಥಳೀಯ ಹವಾಮಾನಕ್ಕೆ ತಕ್ಕಂತೆ ಸಂಹಿತೆಯನ್ನು ಬದಲಿಸಿಕೊಳ್ಳುವ ಅಧಿಕಾರ ರಾಜ್ಯಗಳಿಗಿದೆ. ನಮ್ಮಲ್ಲಿ ಇದನ್ನೆಲ್ಲ ನೋಡಿಕೊಳ್ಳುವ ಸಂಸ್ಥೆ ಕ್ರೆಡಲ್.

ತೊಂದರೆ ಇರುವುದು ಎಲ್ಲೆಂದರೆ, ಈ ಸಂಹಿತೆ ನೋಡುವುದು ನಕ್ಷೆಯನ್ನು. ಕಟ್ಟಡ ಎದ್ದು, ಟೇಪು ಕತ್ತರಿಸಿ, ಜನ ಒಳಗೆ ಹೋದ ಮೇಲೆ ಅದು ನಿಜವಾಗಿ ಎಷ್ಟು ಉರಿಸುತ್ತಿದೆ ಎಂಬುದನ್ನು ವರ್ಷವರ್ಷವೂ ಜನರ ಮುಂದಿಡಿ ಎಂದು ಎಲ್ಲ ದೊಡ್ಡ ಕಟ್ಟಡಗಳಿಗೂ ಹೇಳುವ ನಿಯಮ ಇಲ್ಲ. ಬಿಇಇ ಸ್ಟಾರ್ ನಿಜವಾದ ಬಳಕೆಯನ್ನೇ ನೋಡುತ್ತದೆ, ಆದರೆ ಅದು ಇಷ್ಟವಿದ್ದವರಿಗೆ ಮಾತ್ರ. ಇಷ್ಟವಿದ್ದವರೇ ಪರೀಕ್ಷೆ ಬರೆಯಬಹುದು ಎಂದರೆ ಯಾರು ಬರೆಯುತ್ತಾರೆ? ಪಾಸಾಗುವವರು. ನಕ್ಷೆಯಲ್ಲಿ ಸರಿಯಿದ್ದ ಕಟ್ಟಡ ಬಳಕೆಯಲ್ಲಿ ಹಾಳಾಗುವುದಕ್ಕೆ ಹತ್ತು ದಾರಿಗಳಿವೆ. ಕಿಟಕಿಯಿದ್ದ ಕಡೆ ಪ್ಲೈವುಡ್ ಹೊಡೆದು ಚೇಂಬರ್ ಮಾಡುತ್ತಾರೆ. ಚೇಂಬರಿಗೆ ಗಾಳಿ ಬಾರದೆ ಎಸಿ ಬರುತ್ತದೆ. ಸಾಹೇಬರು ಮೀಟಿಂಗಿಗೆ ಹೋದರೂ ಎಸಿ ಓಡುತ್ತಿರುತ್ತದೆ. ಕಾಂಟ್ರ್ಯಾಕ್ಟ್ ಲೋಡನ್ನು ಬೇಕಾದ್ದಕ್ಕಿಂತ ಎರಡು ಪಟ್ಟು ಬರೆಸಿರುತ್ತಾರೆ. ಬಳಸಲಿ ಬಿಡಲಿ, ಅದರ ಹೆಚ್ಚಿನ ಪಾಲಿಗೆ ಡಿಮ್ಯಾಂಡ್ ಚಾರ್ಜ್ ಕಟ್ಟುತ್ತಲೇ ಇರಬೇಕು. ಕಟ್ಟುವುದು ಯಾರ ಹಣ ಎಂದು ಬೇರೆ ಹೇಳಬೇಕಿಲ್ಲ.

ಕಲ್ಯಾಣ ಕರ್ನಾಟಕದವನಾಗಿ ನನಗೆ ಒಂದು ವಿಷಯ ಯಾವಾಗಲೂ ವಿಚಿತ್ರ ಎನಿಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ, ಬಾಗಲಕೋಟೆಯಲ್ಲಿ, ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬಿಸಿಲನ್ನು ಲೆಕ್ಕಕ್ಕೆ ಹಿಡಿದು ಮಾಡಿದ ಬುದ್ಧಿವಂತ ಏರ್ಪಾಡು ಅದು. ಗಡಿಯಾರ ಬದಲಿಸಲು ಗೊತ್ತಿರುವ ಸರ್ಕಾರಕ್ಕೆ ಗೋಡೆ ಬದಲಿಸಲು ಮಾತ್ರ ಗೊತ್ತಾಗುವುದಿಲ್ಲ. ಮಿನಿ ವಿಧಾನಸೌಧ ಎಂಬ ಹೆಸರು ಹೋಗಿ ಆಡಳಿತ ಸೌಧವಾಯಿತು. ನಾನು ಸುದ್ದಿಗೆಂದು ಹತ್ತಿ ಇಳಿದ ತಾಲ್ಲೂಕು ಕಚೇರಿಗಳ ಮಟ್ಟಿಗೆ ಹೇಳುವುದಾದರೆ, ಪಶ್ಚಿಮದ ಬಿಸಿಲಿಗೆ ಎದೆಯೊಡ್ಡಿ ನಿಂತ ಗಾಜಿನ ಮುಂಭಾಗ, ನೆರಳಿಲ್ಲದ ಆರ್‌ಸಿಸಿ ತಾರಸಿ, ಹಗಲಲ್ಲೂ ಲೈಟು ಬೇಕಾಗುವ ಕಾರಿಡಾರು, ಇವು ಸಾಮಾನ್ಯ. ಅದೇ ಊರಿನ ಹಳೇ ಓಣಿಯಲ್ಲಿ ದಪ್ಪ ಕಲ್ಲುಗೋಡೆ, ಮಣ್ಣಿನ ಮಾಳಿಗೆ ಇರುವ ಮನೆಯಲ್ಲಿ ಮೇ ತಿಂಗಳ ಮಧ್ಯಾಹ್ನವೂ ಅಜ್ಜ ನೆಲದ ಮೇಲೆ ತಣ್ಣಗೆ ಮಲಗಿರುತ್ತಾನೆ. ಎಲ್ಲರೂ ಮಾಳಿಗೆ ಮನೆಗೆ ವಾಪಸ್ ಹೋಗಿ ಎಂದು ನಾನು ಹೇಳುತ್ತಿಲ್ಲ, ಅದು ಆಗುವ ಮಾತೂ ಅಲ್ಲ. ಎರಡೂ ಕಟ್ಟಡಗಳ ಸಂಖ್ಯೆ ಪಕ್ಕಪಕ್ಕ ಇಟ್ಟರೆ ಮುಂದಿನ ಕಟ್ಟಡದ ನಕ್ಷೆ ಬರೆಯುವ ಎಂಜಿನಿಯರ್ ಒಂದು ಕ್ಷಣ ಯೋಚಿಸುತ್ತಾನೆ ಎಂಬುದಷ್ಟೇ ನನ್ನ ಆಸೆ.

ಅಳೆದವರು ಏನು ಪಡೆದರು ಎಂಬುದಕ್ಕೆ ಒಂದು ಉದಾಹರಣೆ ಪಕ್ಕದ ಹೈದರಾಬಾದಿನಲ್ಲೇ ಇದೆ. ಅಲ್ಲಿನ ಪೋಚಾರಂ ಕ್ಯಾಂಪಸ್ಸಿನಲ್ಲಿ ಇನ್ಫೋಸಿಸ್ ಒಂದು ಕಟ್ಟಡವನ್ನು ಸರಿಯಾಗಿ ಎರಡು ಭಾಗ ಮಾಡಿತು. ಒಂದು ಭಾಗಕ್ಕೆ ಮಾಮೂಲಿ ಎಸಿ, ಇನ್ನೊಂದು ಭಾಗಕ್ಕೆ ಕಾಂಕ್ರೀಟಿನೊಳಗಿನ ಕೊಳವೆಗಳಲ್ಲಿ ತಣ್ಣೀರು ಹರಿಸಿ ತಂಪು ಮಾಡುವ ವ್ಯವಸ್ಥೆ. ಎರಡಕ್ಕೂ ಬೇರೆ ಬೇರೆ ಮೀಟರ್. ವರ್ಷಗಟ್ಟಲೆ ಅಳೆದಾಗ ತಣ್ಣೀರಿನ ಭಾಗ ಸುಮಾರು ಮೂರನೇ ಒಂದರಷ್ಟು ಕಡಿಮೆ ಶಕ್ತಿ ಬಳಸಿತ್ತು. ಇಲ್ಲಿ ತಂತ್ರಜ್ಞಾನಕ್ಕಿಂತ ನನಗೆ ಮುಖ್ಯ ಎನಿಸುವುದು ಎರಡು ಮೀಟರ್ ಇಟ್ಟ ನಿರ್ಧಾರ. ಅಳತೆ ಇಲ್ಲದಿದ್ದರೆ ಅದೂ ಒಂದು ಭಾಷಣವಾಗಿ ಉಳಿಯುತ್ತಿತ್ತು.

ಜನರ ಮುಂದೆ ಅಳತೆ ಇಟ್ಟ ಊರು ನೋಡಬೇಕಾದರೆ ನ್ಯೂಯಾರ್ಕಿಗೆ ಹೋಗಬೇಕು. ಅಲ್ಲಿನ ನಗರಾಡಳಿತ 2009ರಲ್ಲಿ ದೊಡ್ಡ ಕಟ್ಟಡಗಳು ವರ್ಷದ ಬಳಕೆಯನ್ನು ವರದಿ ಮಾಡಲೇಬೇಕು ಎಂಬ ಕಾನೂನು ತಂದಿತು. 2020ರಿಂದ 25,000 ಚದರ ಅಡಿಗಿಂತ ದೊಡ್ಡ ಕಟ್ಟಡಗಳು ತಮ್ಮ ಬಾಗಿಲ ಬಳಿ ಎ, ಬಿ, ಸಿ, ಡಿ ಎಂಬ ಗ್ರೇಡನ್ನು ಅಂಟಿಸಬೇಕು. ವರದಿಯನ್ನೇ ಕೊಡದವರಿಗೆ ಎಫ್. 2019ರಲ್ಲಿ ಮಾಲಿನ್ಯಕ್ಕೆ ಮಿತಿ ಹಾಕುವ ಕಾನೂನು ಬಂತು. 2024ರಿಂದ ಅದು ಜಾರಿಯಲ್ಲಿದೆ, 2030ಕ್ಕೆ ಇನ್ನೂ ಬಿಗಿಯಾಗುತ್ತದೆ. ಮಿತಿ ಮೀರಿದ ಪ್ರತಿ ಟನ್ ಇಂಗಾಲಕ್ಕೆ 268 ಡಾಲರ್ ದಂಡ. ಮಾಲೀಕರು ಸುಮ್ಮನೆ ಒಪ್ಪಲಿಲ್ಲ, ಕೋರ್ಟಿಗೂ ಹೋದರು. ಅವರ ಚಳಿ ಬೇರೆ, ಅವರ ಬಾಯ್ಲರ್ ಬೇರೆ, ಅವರ ದಂಡವನ್ನು ಇಲ್ಲಿಗೆ ತಂದು ಹೇರಬೇಕಿಲ್ಲ. ನಾವು ಕಲಿಯಬೇಕಾದ್ದು ಅವರ ಕ್ರಮವನ್ನು. ಮೊದಲು ಅಳತೆ, ಆಮೇಲೆ ಬಾಗಿಲಿಗೆ ಬೋರ್ಡು, ಕೊನೆಗೆ ಮಿತಿ. ಮೊದಲ ಮೆಟ್ಟಿಲಿನಿಂದ ಕೊನೆಯ ಮೆಟ್ಟಿಲಿಗೆ ಅವರು ಹದಿನೈದು ವರ್ಷ ತೆಗೆದುಕೊಂಡರು. ನಾವು ಮೊದಲ ಮೆಟ್ಟಿಲನ್ನೇ ಹತ್ತಿಲ್ಲ.

ಆಕ್ಷೇಪಗಳು ಬರುತ್ತವೆ. ಅವುಗಳಲ್ಲಿ ತೂಕದ್ದು ಒಂದಿದೆ: ಕಡಿಮೆ ಯೂನಿಟ್ ಎಂದರೆ ಒಳ್ಳೆಯ ಕಟ್ಟಡ ಎಂದೇನೂ ಅಲ್ಲ. ಡಾಕ್ಟರಿಲ್ಲದೆ ಬೀಗ ಬಿದ್ದ ಆಪರೇಷನ್ ಥಿಯೇಟರು, ಕೆಟ್ಟು ನಿಂತ ಎಕ್ಸ್‌ರೇ, ಓಡದ ಲಿಫ್ಟು ಇರುವ ತಾಲ್ಲೂಕು ಆಸ್ಪತ್ರೆಯ ಇಪಿಐ ತೆಗೆದರೆ ಅದಕ್ಕೆ ಐದು ಸ್ಟಾರ್ ಬಂದೀತು! ಅತ್ತ ಹಗಲಿರುಳು ಐಸಿಯು ನಡೆಸಿ ಜೀವ ಉಳಿಸುವ ಆಸ್ಪತ್ರೆ ಫೇಲಾದೀತು. ಇದು ನಿಜವಾದ ಅಪಾಯ. ಹಳ್ಳಿಯ ಕಡೆ ಸೌಕರ್ಯ ಇಲ್ಲದಿರುವುದನ್ನೇ ಉಳಿತಾಯ ಎಂದು ತೋರಿಸುವ ಜಾಣತನ ಶುರುವಾದರೆ ಅದಕ್ಕಿಂತ ಅನ್ಯಾಯ ಬೇರೆ ಇಲ್ಲ. ಆದ್ದರಿಂದ ಹೋಲಿಕೆ ಸಮಾನರ ನಡುವೆ ನಡೆಯಬೇಕು. ಆಸ್ಪತ್ರೆಗೆ ಆಸ್ಪತ್ರೆ, ಕಾಲೇಜಿಗೆ ಕಾಲೇಜು. ಎಷ್ಟು ಹಾಸಿಗೆ, ದಿನಕ್ಕೆ ಎಷ್ಟು ಗಂಟೆ ಕೆಲಸ, ಎಷ್ಟು ಭಾಗಕ್ಕೆ ಎಸಿ ಎಂಬುದನ್ನು ಪಕ್ಕದಲ್ಲೇ ಬರೆಯಬೇಕು. ಬಿಇಇ ಕೂಡ ಕಚೇರಿ, ಬಿಪಿಒ, ಮಾಲ್, ಆಸ್ಪತ್ರೆಗಳನ್ನು ಬೇರೆ ಬೇರೆಯಾಗಿಯೇ ನೋಡುತ್ತದೆ. ಹಾಗೆ ಬರೆದಾಗ ಅತಿ ಕಡಿಮೆ ಸಂಖ್ಯೆಯೂ ಒಂದು ಪ್ರಶ್ನೆ ಎತ್ತುತ್ತದೆ. ನೂರು ಹಾಸಿಗೆಯ ಆಸ್ಪತ್ರೆ ಇಷ್ಟೇ ಬಳಸುತ್ತದೆ ಎಂದರೆ ಒಳಗೆ ಏನು ನಿಂತುಹೋಗಿದೆ ಎಂದು ಕೇಳಲು ಅದೇ ದಾಖಲೆ ಸಾಕು.

ಇನ್ನೊಂದು ಆಕ್ಷೇಪ, ಇದು ಮತ್ತೊಂದು ಇನ್‌ಸ್ಪೆಕ್ಟರ್ ಕಾಟ ಎಂಬುದು. ಹೊಸ ಇನ್‌ಸ್ಪೆಕ್ಟರ್ ಬೇಕಾಗಿಯೇ ಇಲ್ಲ. ಬೇಕಾಗಿರುವುದು ಎರಡು ಸಂಖ್ಯೆ, ಅವೆರಡೂ ಈಗಾಗಲೇ ಸರ್ಕಾರದ ಕಪಾಟಿನಲ್ಲಿವೆ. ಯೂನಿಟ್ ಎಸ್ಕಾಂ ಕಂಪ್ಯೂಟರಿನಲ್ಲಿದೆ. ಖಾಸಗಿ ಕಟ್ಟಡದ ವಿಸ್ತೀರ್ಣ ಆಸ್ತಿ ತೆರಿಗೆ ಕಡತದಲ್ಲಿದೆ, ಸರ್ಕಾರಿ ಕಟ್ಟಡದ್ದು ಲೋಕೋಪಯೋಗಿ ಇಲಾಖೆಯಲ್ಲಿದೆ. ಎರಡು ಕಚೇರಿಗಳ ನಡುವಿನ ಒಂದು ಪತ್ರ ವ್ಯವಹಾರದ ಮಾತು ಇದು. ರಾಜ್ಯದ ಮನೆಮನೆಯ ಸರಾಸರಿಯನ್ನು ಕೆಲವೇ ತಿಂಗಳಲ್ಲಿ ತೆಗೆದ ವ್ಯವಸ್ಥೆಗೆ ಒಂದು ಜಿಲ್ಲೆಯ ದೊಡ್ಡ ಕಟ್ಟಡಗಳ ಪಟ್ಟಿ ಮಾಡುವುದು ಭಾರವಾಗಬಾರದು.

ಹಾಗಾದರೆ ಶುರು ಎಲ್ಲಿಂದ? ನನ್ನ ಮಟ್ಟಿಗೆ ಉತ್ತರ ಸ್ಪಷ್ಟ: ಸರ್ಕಾರದ ಮನೆಯಿಂದ. 100 ಕಿಲೋವ್ಯಾಟ್ ಮೀರಿದ ಪ್ರತಿ ಸರ್ಕಾರಿ ಕಟ್ಟಡದ ಸಂಖ್ಯೆಯನ್ನು ಪ್ರತಿ ವರ್ಷ ಪ್ರಕಟಿಸಬೇಕು. ಇದಕ್ಕೆ ವಿಧಾನಸಭೆಯಲ್ಲಿ ಹೊಸ ಮಸೂದೆಯೇನೂ ಬೇಡ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಅಡಿ ಕಚೇರಿಗಳು ಕೇಳದೆಯೇ ತಮ್ಮ ಮಾಹಿತಿ ಪ್ರಕಟಿಸಬೇಕೆಂಬ ನಿಯಮ ಮೊದಲೇ ಇದೆ. ಅದರ ಜೊತೆಗೆ ಒಂದು ಹಾಳೆ ಸೇರಿಸಿದರಾಯಿತು. ಮುಂಬಾಗಿಲ ಬಳಿ ಲೋಕಾಯುಕ್ತದ ಬೋರ್ಡಿನ ಪಕ್ಕ ಒಂದು ಸಣ್ಣ ಬೋರ್ಡು: ಈ ಕಟ್ಟಡದ ವಿಸ್ತೀರ್ಣ ಇಷ್ಟು, ಕಳೆದ ವರ್ಷದ ಬಳಕೆ ಇಷ್ಟು, ಬಿಲ್ಲು ಇಷ್ಟು, ಬಾಕಿ ಇಷ್ಟು. ಮೂರು ವರ್ಷ ಹೀಗೆ ಅಳೆದರೆ ಯಾವ ಬಗೆಯ ಕಟ್ಟಡಕ್ಕೆ ಯಾವ ಮಿತಿ ಸರಿ ಎಂಬುದು ನಮ್ಮ ಜಿಲ್ಲೆಯ ಅಂಕಿಗಳಿಂದಲೇ ಗೊತ್ತಾಗುತ್ತದೆ. ಆಮೇಲೆ ಖಾಸಗಿಯವರ ಸರದಿ. ತನ್ನ ಬೋರ್ಡು ಹಾಕಿಕೊಂಡ ಮೇಲೆಯೇ ಸರ್ಕಾರಕ್ಕೆ ಮಾಲಿನವರನ್ನು ಕೇಳುವ ಬಾಯಿ ಬರುತ್ತದೆ.

ಪಟ್ಟಿಯಲ್ಲಿ ಕೊನೆಗೆ ನಿಂತ ಕಟ್ಟಡಕ್ಕೆ ಮೊದಲ ವರ್ಷವೇ ದಂಡ ಬೇಡ. ದುರಸ್ತಿಯ ಹಣ ಮೊದಲು ಅಲ್ಲಿಗೆ ಹೋಗಲಿ. ಕಿಟಕಿಗೆ ಛಜ್ಜಾ, ತಾರಸಿಗೆ ಬಿಳಿ ಬಣ್ಣ, ಹಳೇ ಟ್ಯೂಬ್‌ಲೈಟು ತೆಗೆದು ಎಲ್‌ಇಡಿ, ಎಸಿ 24 ಡಿಗ್ರಿಗೆ, ಕಾಂಟ್ರ್ಯಾಕ್ಟ್ ಲೋಡ್ ತಿದ್ದುಪಡಿ. ಇವುಗಳಲ್ಲಿ ರಾಕೆಟ್ ವಿಜ್ಞಾನ ಯಾವುದೂ ಇಲ್ಲ, ಕೆಲವಕ್ಕೆ ಒಂದು ಅರ್ಜಿಯಷ್ಟೇ ಖರ್ಚು. ಮೂರನೇ ವರ್ಷವೂ ಸಂಖ್ಯೆ ಇಳಿಯದಿದ್ದರೆ ಆ ಕಚೇರಿಯ ಮುಖ್ಯಸ್ಥರು ಕೆಡಿಪಿ ಸಭೆಯಲ್ಲಿ ಎದ್ದು ನಿಂತು ಕಾರಣ ಹೇಳಲಿ.

ಕೊನೆಯದಾಗಿ, ಈ ಬ್ಲಾಗ್ ಓದುವ ನಮ್ಮ ವೃತ್ತಿಯ ಗೆಳೆಯರಿಗೆ ಒಂದು ಮಾತು. ಉದ್ಘಾಟನೆಯ ಪ್ರೆಸ್‌ನೋಟಿನಲ್ಲಿ ಕಟ್ಟಡದ ವೆಚ್ಚ ಎಷ್ಟು ಕೋಟಿ, ಎಷ್ಟು ಅಂತಸ್ತು, ಯಾರ ಅನುದಾನ ಎಂಬುದೆಲ್ಲ ಇರುತ್ತದೆ. ಅದನ್ನು ನಡೆಸಲು ವರ್ಷಕ್ಕೆ ಎಷ್ಟು ಬೇಕು ಎಂಬುದು ಇರುವುದಿಲ್ಲ. ಕಟ್ಟಲು ಒಮ್ಮೆ ದುಡ್ಡು ಸಾಕು, ಉರಿಸಲು ಐವತ್ತು ವರ್ಷ ಬೇಕು. ಮುಂದಿನ ಉದ್ಘಾಟನೆಗೆ ಹೋದಾಗ ಎಂಜಿನಿಯರ್ ಸಾಹೇಬರನ್ನು ಎರಡು ಪ್ರಶ್ನೆ ಕೇಳಿ: ಲೋಡ್ ಎಷ್ಟು ತೆಗೆದುಕೊಂಡಿದ್ದೀರಿ? ಚದರ ಮೀಟರಿಗೆ ವರ್ಷಕ್ಕೆ ಎಷ್ಟು ಯೂನಿಟ್ ಅಂದಾಜು? ಒಂದು ವರ್ಷ ಬಿಟ್ಟು ಅದೇ ಕಟ್ಟಡದ ಹನ್ನೆರಡು ಬಿಲ್ಲುಗಳ ನಕಲನ್ನು ಹತ್ತು ರೂಪಾಯಿಯ ಆರ್‌ಟಿಐ ಅರ್ಜಿಯಲ್ಲಿ ಕೇಳಿ. ಎರಡು ಸಂಖ್ಯೆಗಳ ನಡುವೆ ಇರುವ ಅಂತರವೇ ಸುದ್ದಿ. ಜಿಲ್ಲೆಗೆ ಒಬ್ಬರಂತೆ ಐದು ಕಟ್ಟಡಗಳ ಲೆಕ್ಕ ಹಾಕಿದರೂ ಸರ್ಕಾರ ಮಾಡದ ಪಟ್ಟಿಯನ್ನು ನಾವೇ ಶುರು ಮಾಡಿದಂತಾಗುತ್ತದೆ.